ಚಿಲ್ಲರೆ ಕಾಸಿನ ಬಣ್ಣ, ಸವೆತ ಓದುವುದು ಹೇಗೆ?

ದಾವಣಗೆರೆಯ ಮಂಡಕ್ಕಿ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಹಳದಿ ಐದು ರೂಪಾಯಿ ಕಪ್ಪಾಗುವಷ್ಟು ಬೇಗ ಪಕ್ಕದ ಎರಡು ರೂಪಾಯಿ ಕಪ್ಪಾಗದು. ಕಾರಣ ಮನೆಯಲ್ಲೇ ತಿಳಿಯಬಹುದು. ಒಂದು ಹಿಡಿ ಚಿಲ್ಲರೆ, ಅಯಸ್ಕಾಂತ, ಭೂತಗನ್ನಡಿ ಸಾಕು.

ಮೊದಲು ಅಯಸ್ಕಾಂತ ಹಿಡಿಯಿರಿ. ಈಗಿನ ಒಂದು, ಎರಡು ರೂಪಾಯಿ ಅಂಟುತ್ತವೆ. ಅವು ಸ್ಟೇನ್‌ಲೆಸ್ ಸ್ಟೀಲ್: ಶೇ 83 ಕಬ್ಬಿಣ, ಶೇ 17 ಕ್ರೋಮಿಯಂ. ಕ್ರೋಮಿಯಂ ಮೇಲೆ ಕಾಣದಷ್ಟು ತೆಳುವಾದ ಪದರ ಕಟ್ಟಿ ಕಬ್ಬಿಣವನ್ನು ಕಾಯುತ್ತದೆ. ಗೀರಿದರೂ ಮತ್ತೆ ಕಟ್ಟಿಕೊಳ್ಳುತ್ತದೆ. ಹಳದಿ ಐದು ರೂಪಾಯಿ ಅಂಟುವುದಿಲ್ಲ. ಅದರಲ್ಲಿ ಶೇ 75 ತಾಮ್ರ, 20 ಸತು, 5 ನಿಕ್ಕಲ್. ಬಣ್ಣ ಕೆಡುವುದು ಈ ತಾಮ್ರದಿಂದ.

ಈಗ ಹಳದಿಯವನ್ನು ಬೆಳಕಿಗೆ ಹಿಡಿದು ಹೊರಳಿಸಿ. ಮಾಸಲು ಕಂದು ಇದ್ದರೆ ಗಾಳಿಯ ಆಮ್ಲಜನಕ ತಾಮ್ರಕ್ಕೆ ಸೇರಿದೆ ಎಂದರ್ಥ. ಕಪ್ಪಿಗೆ ಹಲವು ಸಲ ಗಂಧಕ ಕಾರಣ; ರಬ್ಬರ್ ಬ್ಯಾಂಡ್ ಸುತ್ತಿಟ್ಟ ನಾಣ್ಯದ ಮೇಲೆ ಅದರ ಗೆರೆಯೇ ಮೂಡುವುದುಂಟು. ಅಕ್ಷರಗಳ ಸಂದಿಯಲ್ಲಿ ಹಸಿರು ಕಂಡರೆ ಕಿಲುಬು: ಉಪ್ಪು, ತೇವ ಎರಡೂ ಸೇರಿ ಮಾಡಿದ ಕೆಲಸ. ನಮ್ಮ ಬಯಲುಸೀಮೆಗೆ ಕಡಲ ಗಾಳಿಯಿಲ್ಲ, ನಿಜ. ಆದರೆ ಬೆವರಿದ ಅಂಗೈಯಲ್ಲಿ, ಮಂಡಕ್ಕಿ ಕಲಸಿದ ಕೈಯಲ್ಲಿ ಬೇಕಾದಷ್ಟು ಉಪ್ಪಿದೆ.

ಸವೆತದ ದಾರಿ ಬೇರೆ. ಅಂಚು, ಸಿಂಹಗಳ ಮುಖ, ಹೀಗೆ ಎದ್ದುನಿಂತ ಭಾಗ ಮೊದಲು ನುಣ್ಣಗಾಗುತ್ತದೆ. ಜೇಬಿನ ಧೂಳಿನಲ್ಲಿರುವ ಮರಳು ನಾಣ್ಯದ ಲೋಹಕ್ಕಿಂತ ಗಟ್ಟಿ. ಅಕ್ಕಸಾಲಿಗರ ತಕ್ಕಡಿ ಸಿಕ್ಕರೆ ತೂಗಿ. 2019ಕ್ಕೆ ಮುಂಚಿನ ಮಾದರಿಯ ಹಳದಿ ಐದು ರೂಪಾಯಿ ಸವೆಯದಿದ್ದರೆ 6 ಗ್ರಾಂ. ನಾಣ್ಯ ಚಲಾವಣೆಗೆ ಸಲ್ಲುವುದೇ ಎನ್ನಲು 2011ರ ನಾಣ್ಯ ಕಾಯ್ದೆ ನೋಡುವುದು ಅದು ವಿರೂಪಗೊಂಡಿದೆಯೇ, ನಿಗದಿಗಿಂತ ತೂಕ ಇಳಿದಿದೆಯೇ ಎಂದು. ಬರೀ ಕಪ್ಪಾಗಿದೆ ಎಂದು ಅಂಗಡಿಯವರು ತಳ್ಳಿಹಾಕುವುದು ಸರಿಯಲ್ಲ.

ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹುಳಿ ಕಪ್ಪನ್ನು ಕರಗಿಸುತ್ತದೆ, ಜೊತೆಗೆ ಲೋಹವನ್ನೂ. ಹೆಚ್ಚು ಹೊತ್ತು ನೆನೆದರೆ ಸತುವೂ ಹೋಗಿ ನಸುಗೆಂಪು ಉಳಿಯುತ್ತದೆ. ಜಿಡ್ಡಿದ್ದರೆ ಸೋಪುನೀರಲ್ಲಿ ತೊಳೆದು ಒರೆಸಿ ಒಣಗಿಸಿ, ಸಾಕು.

ಹಳೆಯ ನಾಣ್ಯಕ್ಕಂತೂ ಈ ಎಚ್ಚರ ಇನ್ನೂ ಮುಖ್ಯ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ್ದರು. ಶಾತವಾಹನರ ನಾಣ್ಯಗಳೂ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕ ನೆಲ ಅದು. ಉಳುವಾಗ ಅಂಥದ್ದು ಸಿಕ್ಕರೆ ತೊಳೆಯಲೂ ಬೇಡಿ. ಆ ಕಿಲುಬಿನ ಪದರದಲ್ಲೇ ಅಕ್ಷರ ಉಳಿದಿರಬಹುದು. ಪದರ ಕಿತ್ತರೆ ಅಕ್ಷರವೂ ಹೋಯಿತು. ಒಣ ಕಾಗದದಲ್ಲಿ ಸುತ್ತಿ, ಸಿಕ್ಕ ಜಾಗ ಗುರುತಿಟ್ಟುಕೊಂಡು ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಿ.