ಮಳೆಗಾಲದಲ್ಲಿ ಗ್ರಾಂ ಸ್ಟೇನ್: ಪೋಸ್ಟಿಂಗಿಗೆ ಬರುವ ಮಕ್ಕಳಿಗೆ

ಮಳೆ ಹಿಡಿದ ಮೇಲೆ ಕಾರವಾರದ ಲ್ಯಾಬಿಗೆ ಪೋಸ್ಟಿಂಗಿಗೆ ಬರುವ ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಮಕ್ಕಳಿಗೆ ಗ್ರಾಂ ಸ್ಟೇನ್ ಬಾಯಿಪಾಠ ಇರುತ್ತದೆ. ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಿ, ನೇರಳೆ ಉಳಿದರೆ ಗ್ರಾಂ ಪಾಸಿಟಿವ್, ಗುಲಾಬಿಯಾದರೆ ಗ್ರಾಂ ನೆಗೆಟಿವ್ ಎಂದು ಬೇರೆ ಮಾಡುವ ವಿಧಾನ ಅದು. ಕ್ರಿಸ್ಟಲ್ ವಯಲೆಟ್, ಅಯೋಡಿನ್, ಆಲ್ಕೋಹಾಲ್, ಸಾಫ್ರನಿನ್. ವೈವಾದಲ್ಲಿ ಅಷ್ಟು ಸಾಕು. ಆದರೆ ಸ್ಲೈಡ್ ಕೆಡುವುದು ಬಣ್ಣ ಹಾಕುವ ಮೊದಲೇ. ಹಾಗಾಗಿ ನಾನು ಸ್ಯಾಂಪಲ್‌ನಿಂದ ಶುರು ಮಾಡುತ್ತೇನೆ.

ಡಬ್ಬಿಯ ಮೇಲೆ 'ಕಫ' ಎಂದು ಬರೆದಿದ್ದರೆ ನಂಬಬೇಡಿ. ಅರ್ಧದಷ್ಟು ಸಲ ಒಳಗಿರುವುದು ಎಂಜಲು. ಸ್ಟೇನ್ ಆದ ಮೇಲೆ ಮೊದಲು 10ಎಕ್ಸ್ ಲೆನ್ಸ್‌ನಲ್ಲಿ ನೋಡಿ. ಒಂದು ಫೀಲ್ಡಿನಲ್ಲಿ 10ಕ್ಕಿಂತ ಜಾಸ್ತಿ ಚಪ್ಪಟೆ ಎಪಿಥೀಲಿಯಲ್ ಸೆಲ್ (ಬಾಯಿಯ ಒಳಪದರದ ಕೋಶ) ಕಂಡರೆ ಅದು ಬಾಯಿಯ ಸ್ಯಾಂಪಲ್. 25ಕ್ಕಿಂತ ಜಾಸ್ತಿ ಪಸ್ ಸೆಲ್ (ಕೀವಿನ ಬಿಳಿ ರಕ್ತಕಣ) ಇದ್ದು, ಎಪಿಥೀಲಿಯಲ್ ಸೆಲ್ ಕಡಿಮೆ ಇದ್ದರೆ ಕಲ್ಚರ್ ಹಾಕಲು, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡಲು, ಯೋಗ್ಯ. ಎಂಜಲಾದರೆ ರೋಗಿಗೆ ಮತ್ತೊಂದು ಡಬ್ಬಿ ಕೊಡಿ. ಬೆಳಿಗ್ಗೆ ಎದ್ದು ನೀರಲ್ಲಿ ಬಾಯಿ ಮುಕ್ಕಳಿಸಿ, ಎದೆಯಿಂದ ಕೆಮ್ಮಿ ತೆಗೆಯಬೇಕು ಎಂದು ಹೇಳಿ. ಕೊಂಕಣಿಯವರಿಗೆ ಕೊಂಕಣಿಯಲ್ಲೇ ಹೇಳಿ, ಬರದಿದ್ದರೆ ಬರುವವರನ್ನು ಕರೆಯಿರಿ. ಇಲ್ಲಿ ಎರಡು ನಿಮಿಷ ಉಳಿಸಲು ಹೋದರೆ ಕಲ್ಚರ್‌ನ ಎರಡು ದಿನ ದಂಡ.

ಮೂತ್ರದ ಸ್ಯಾಂಪಲ್ ಬಂದರೆ ನಾನು ಕೇಳುವ ಮೊದಲ ಪ್ರಶ್ನೆ, ಎಷ್ಟೊತ್ತಿಗೆ ಹಿಡಿದಿದ್ದು? ಜೋಯಿಡಾ ಕಡೆಯ ಹಳ್ಳಿಯಿಂದ ಬರುವವರು ಬೆಳಗಿನ ಜಾವ ಡಬ್ಬಿ ತುಂಬಿಸಿ ಬಸ್ ಹತ್ತಿರುತ್ತಾರೆ. ಘಟ್ಟ ಇಳಿದು ಬರುವಷ್ಟರಲ್ಲಿ ಹೊತ್ತು ಏರಿರುತ್ತದೆ. ಈ-ಕೋಲೈ ಬ್ಯಾಕ್ಟೀರಿಯಾಕ್ಕೆ ಅನುಕೂಲ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಇನ್ನು ಕಾಲೊನಿ (ಪ್ಲೇಟಿನಲ್ಲಿ ಬೆಳೆದ ಬ್ಯಾಕ್ಟೀರಿಯಾದ ಚುಕ್ಕೆ) ಎಣಿಸಿ ಏನು ಪ್ರಯೋಜನ? ಮಿಡ್‌ಸ್ಟ್ರೀಮ್ (ನಡುವಿನ ಧಾರೆಯ) ಸ್ಯಾಂಪಲ್ ಎರಡು ಗಂಟೆಯೊಳಗೆ ಕಲ್ಚರ್ ಪ್ಲೇಟಿಗೆ ಹೋಗಬೇಕು. ಆಗದಿದ್ದರೆ 4 ಡಿಗ್ರಿ ಫ್ರಿಜ್‌ನಲ್ಲಿ, ಅದೂ 24 ಗಂಟೆಯೊಳಗೆ. ದೂರದವರಿಗೆ ಡಬ್ಬಿ ಕೊಟ್ಟು ಇಲ್ಲಿಯೇ ಹಿಡಿಯಲು ಹೇಳುವುದು ಒಳ್ಳೆಯದು. ವೇಳೆಯನ್ನು ಫಾರ್ಮಿನಲ್ಲಿ ಬರೆಯಿರಿ.

ಇನ್ನು ಸ್ಮಿಯರ್, ಅಂದರೆ ಸ್ಲೈಡಿನ ಮೇಲೆ ಸ್ಯಾಂಪಲ್ ತೆಳುವಾಗಿ ಸವರುವುದು. ಎಣ್ಣೆ ಜಿಡ್ಡಿಲ್ಲದ ಸ್ಲೈಡ್ ತೆಗೆದುಕೊಂಡು ತುದಿಯಲ್ಲಿ ಪೆನ್ಸಿಲ್‌ನಿಂದ ನಂಬರ್ ಬರೆಯಿರಿ. ಪೆನ್ನಿನ ಶಾಯಿ ಆಲ್ಕೋಹಾಲ್ ತಾಗಿದರೆ ಮಾಯ. ಕಾಲೊನಿಯಿಂದ ಮಾಡುವುದಾದರೆ ಸಲೈನ್ ಸಣ್ಣ ಹನಿ ಸಾಕು, ಕಾಲೊನಿ ಲೂಪಿನ (ತಂತಿಯ ಕುಣಿಕೆ) ತುದಿಗೆ ತಾಗಿದರೆ ಸಾಕು. ಮಕ್ಕಳು ಯಾವಾಗಲೂ ಜಾಸ್ತಿ ಹಾಕುತ್ತಾರೆ. ಒಣಗಿದ ಸ್ಮಿಯರ್ ಮೂಲಕ ಪೇಪರಿನ ಅಕ್ಷರ ಓದಲು ಬರಬೇಕು, ಅಷ್ಟು ತೆಳು.

ಒಣಗುವುದೇ ಇಲ್ಲಿಯ ಕಷ್ಟ. ಜುಲೈನಲ್ಲಿ ಕಾರವಾರದಲ್ಲಿ ಹಗ್ಗದ ಮೇಲಿನ ಬಟ್ಟೆ ಒಣಗಿದಂತೆಯೇ ಸ್ಲೈಡೂ ಒಣಗುವುದು. ತಡೆಯಲಾರದೆ ಹಸಿ ಸ್ಲೈಡನ್ನೇ ಉರಿಗೆ ಹಿಡಿಯುತ್ತಾರೆ. ಆಗ ಸೆಲ್‌ಗಳು ಬೆಂದು ಆಕಾರ ಕೆಡುತ್ತದೆ, ಆಮೇಲೆ ಕೋಕೈ (ಗುಂಡಗಿನ ಬ್ಯಾಕ್ಟೀರಿಯಾ) ಯಾವುದು, ಕಸ ಯಾವುದು ಗೊತ್ತಾಗುವುದಿಲ್ಲ. ಫ್ಯಾನ್ ಕೆಳಗೂ ಇಡಬೇಡಿ, ಸೋಂಕು ಗಾಳಿಗೆ ಹಾರುತ್ತದೆ. ಸ್ಲೈಡ್ ವಾರ್ಮರ್ ಇದ್ದರೆ ಸರಿ, ಇಲ್ಲದಿದ್ದರೆ ಇನ್‌ಕ್ಯುಬೇಟರ್‌ನ ತಲೆಯ ಮೇಲೆ ಟ್ರೇಯಲ್ಲಿ ಇಡಿ. ಪೂರ್ತಿ ಒಣಗಿದ ಮೇಲೆ ಉರಿಯ ಮೂಲಕ ಎರಡು ಮೂರು ಸಲ ಹಾಯಿಸಿ. ಮೆಥನಾಲ್ ಇದ್ದರೆ ಎರಡು ನಿಮಿಷ ಅದನ್ನು ಹಾಕಿದರೂ ಆಯಿತು, ನನಗೆ ಅದೇ ಇಷ್ಟ.

ಬಣ್ಣದ ಲೆಕ್ಕ ಹೀಗೆ: ವಯಲೆಟ್ ಒಂದು ನಿಮಿಷ, ಮೆಲ್ಲಗೆ ನೀರು. ಅಯೋಡಿನ್ ಒಂದು ನಿಮಿಷ, ನೀರು. ಆಲ್ಕೋಹಾಲ್‌ನಿಂದ ಬಣ್ಣ ತೆಗೆದು ಮತ್ತೆ ನೀರು, ಆಮೇಲೆ ಸಾಫ್ರನಿನ್ ಅರ್ಧದಿಂದ ಒಂದು ನಿಮಿಷ. 1884ರಲ್ಲಿ ಡೆನ್ಮಾರ್ಕಿನ ಡಾಕ್ಟರ್ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಪ್ರಕಟಿಸಿದ ಕ್ರಮದ ಬೆನ್ನೆಲುಬು ಇವತ್ತಿಗೂ ಅದೇ.

ಕೈಚಳಕ ಇರುವುದು ಮೂರನೆಯ ಹಂತದಲ್ಲಿ. ವಯಲೆಟ್ ಮತ್ತು ಅಯೋಡಿನ್ ಸೇರಿ ದೊಡ್ಡ ಗಂಟಾಗಿರುತ್ತದೆ. ಗ್ರಾಂ ಪಾಸಿಟಿವ್‌ನ ದಪ್ಪ ಗೋಡೆ ಆಲ್ಕೋಹಾಲ್‌ಗೆ ಬಿಗಿದುಕೊಂಡು ಆ ಗಂಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಗ್ರಾಂ ನೆಗೆಟಿವ್‌ನ ಹೊರಗಿನ ಕೊಬ್ಬಿನ ಪದರ ಕರಗಿ, ತೆಳು ಗೋಡೆಯಿಂದ ಬಣ್ಣ ಸೋರಿಹೋಗುತ್ತದೆ. ಆದರೆ ಆಲ್ಕೋಹಾಲ್ ಜಾಸ್ತಿ ಹೊತ್ತು ನಿಂತರೆ ದಪ್ಪ ಗೋಡೆಯೂ ಬಿಟ್ಟುಕೊಡುತ್ತದೆ. ಗಡಿಯಾರ ನೋಡಬೇಡಿ, ಸ್ಲೈಡಿನ ಕೆಳ ಅಂಚು ನೋಡಿ. ಸ್ಲೈಡನ್ನು ಓರೆ ಹಿಡಿದು ಹನಿ ಹನಿಯಾಗಿ ಬಿಡಿ. ಮೊದಲು ಗಾಢ ನೇರಳೆ ಇಳಿಯುತ್ತದೆ, ಆಮೇಲೆ ತಿಳಿ, ಆಮೇಲೆ ಬರೀ ನೀರಿನಂಥದು. ಅದು ಕಂಡ ಕ್ಷಣ ನಲ್ಲಿಯ ಕೆಳಗೆ ಹಿಡಿಯಿರಿ. ಅಸಿಟೋನ್ ಇದ್ದರೆ ಎರಡು ಮೂರು ಸೆಕೆಂಡಿನ ಮಾತು, ಬರೀ ಆಲ್ಕೋಹಾಲ್‌ಗೆ ಸ್ವಲ್ಪ ಜಾಸ್ತಿ.

ಸರಿಯಾಗಿದೆಯಾ ಎಂದು ಮೇಡಂ ಹತ್ತಿರ ಕೇಳುವ ಮೊದಲು ಪಸ್ ಸೆಲ್ ಹತ್ತಿರ ಕೇಳಿ. ಅದರ ನ್ಯೂಕ್ಲಿಯಸ್ ಗುಲಾಬಿಯಾಗಿರಬೇಕು. ನೇರಳೆ ಉಳಿದಿದ್ದರೆ ಬಣ್ಣ ಸರಿ ಹೋಗಿಲ್ಲ, ಆ ಜಾಗದ ಬ್ಯಾಕ್ಟೀರಿಯಾವನ್ನು ಪಾಸಿಟಿವ್ ಎನ್ನುವಂತಿಲ್ಲ. ಹೊಸ ಬಾಟಲಿ ತೆರೆದಾಗ ಒಂದೇ ಸ್ಲೈಡಿನಲ್ಲಿ ಸ್ಟ್ಯಾಫ್ ಆರಿಯಸ್ ಮತ್ತು ಈ-ಕೋಲೈ ಎರಡನ್ನೂ ಹಾಕಿ ನೋಡಿ, ಮೊದಲನೆಯದು ಪಾಸಿಟಿವ್, ಎರಡನೆಯದು ನೆಗೆಟಿವ್ ಬರಬೇಕು. ಅಯೋಡಿನ್ ಬಣ್ಣ ಕಳೆದುಕೊಂಡಿದ್ದರೆ ಚೆಲ್ಲಿ.

ಆಯಿಲ್ ಇಮರ್ಷನ್ (ಸ್ಲೈಡಿಗೂ ಲೆನ್ಸಿಗೂ ನಡುವೆ ಎಣ್ಣೆ ಹಾಕಿ ನೋಡುವುದು) ಆದ ಮೇಲೆ ಲೆನ್ಸ್ ಒರೆಸುವುದು ಎಲ್ಲರಿಗೂ ಗೊತ್ತು, ಮಾಡುವವರು ಕಡಿಮೆ. ಇಲ್ಲಿಯ ತೇವಕ್ಕೆ ಲೆನ್ಸಿಗೇ ಬೂಸ್ಟು ಹಿಡಿಯುತ್ತದೆ. ತೇವ ಹೀರಲು ಇಟ್ಟ ಸಿಲಿಕಾ ಜೆಲ್ ನೀಲಿ ಹೋಗಿ ಗುಲಾಬಿಯಾದರೆ ಕಾಯಿಸಿ ಮತ್ತೆ ಇಡಿ.

ರಿಪೋರ್ಟಿನಲ್ಲಿ ಕಂಡದ್ದನ್ನಷ್ಟೇ ಬರೆಯಿರಿ. 'ಗ್ರಾಂ ಪಾಸಿಟಿವ್ ಕೋಕೈ, ಗುಂಪಾಗಿ' ಎಂದು ಬರೆದರೆ ಸಾಕು. ಹೆಸರು ಹೇಳುವುದು ಕಲ್ಚರ್, ಕೋಆಗ್ಯುಲೇಸ್ ಪರೀಕ್ಷೆ ಆದ ಮೇಲೆ. ಇಲಿಜ್ವರದ ಬ್ಯಾಕ್ಟೀರಿಯಾ ಲೆಪ್ಟೊಸ್ಪೈರಾ ತೀರಾ ತೆಳು, ಗ್ರಾಂನಲ್ಲಿ ಕಾಣುವುದಿಲ್ಲ. ಸಿದ್ದಾಪುರ ಕಡೆಯ ಮಂಗನ ಕಾಯಿಲೆ ವೈರಸ್, ನಮ್ಮ ಬೆಂಚಿನಲ್ಲಿ ಅದಕ್ಕೆ ಕೆಲಸವೇ ಇಲ್ಲ, ರಕ್ತ ಪ್ಯಾಕ್ ಮಾಡಿ ದೊಡ್ಡ ಲ್ಯಾಬಿಗೆ ಕಳಿಸಬೇಕು.

ಕರಾವಳಿಯಲ್ಲಿ ಕಲಿಯುವವರು ಮೆಲಿಯಾಯ್ಡೋಸಿಸ್ ಎಂಬ ಸೋಂಕು ರೋಗ ತಿಳಿದಿರಲೇಬೇಕು. ಮಣ್ಣು ನೀರಿನಲ್ಲಿರುವ ಬರ್ಕ್‌ಹೋಲ್ಡೇರಿಯಾ ಸ್ಯೂಡೋಮಲೈ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಮಳೆಗಾಲದಲ್ಲಿ ಜಾಸ್ತಿ, ಸಕ್ಕರೆ ಕಾಯಿಲೆಯವರಿಗೆ ಇನ್ನೂ ಜಾಸ್ತಿ. ಪಸ್‌ನಲ್ಲೋ ಬ್ಲಡ್ ಕಲ್ಚರ್‌ನಲ್ಲೋ ಗ್ರಾಂ ನೆಗೆಟಿವ್ ಕಡ್ಡಿಗಳು (ಕಡ್ಡಿಯಾಕಾರದ ಬ್ಯಾಕ್ಟೀರಿಯಾ) ಎರಡೂ ತುದಿ ಗಾಢವಾಗಿ, ನಡು ತಿಳಿಯಾಗಿ ಕಂಡರೆ ಅನುಮಾನ ಪಡಿ. ಬೇರೆ ಬ್ಯಾಕ್ಟೀರಿಯಾ ಹೀಗೆ ಕಾಣುವುದೂ ಉಂಟು, ಆದರೂ ಬಿಡಬೇಡಿ. ಮೊದಲ ದಿನ ಕಾಲೊನಿ ಸಣ್ಣದು, ಎರಡು ಮೂರು ದಿನಕ್ಕೆ ಸುಕ್ಕು ಬೀಳುತ್ತದೆ. ಸ್ಯೂಡೋಮೊನಾಸ್ ಇರಬೇಕು, ಕಂಟಾಮಿನೇಶನ್ ಇರಬೇಕು ಎಂದು ಸುಮ್ನೆ ಎಸೆಯುವುದು ಆಗಲೇ. ವಾಸನೆ ನೋಡಿ ಗುರುತು ಹಿಡಿಯುವ ಹಳೆ ಚಾಳಿ ಯಾರಾದರೂ ಕಲಿಸಿದ್ದರೆ ಇಲ್ಲಿಗೇ ಬಿಡಿ, ಪ್ಲೇಟಿಗೆ ಮೂಗು ಒಡ್ಡಲೇಬಾರದು, ಉಸಿರಿನ ಜೊತೆ ಸೋಂಕು ಒಳಗೆ ಹೋಗಬಹುದು. ಮುಚ್ಚಳ ಹಾಕಿ ಟೇಪ್ ಸುತ್ತಿ. ಮುಂದಿನ ಕೆಲಸ ಗಾಳಿ ಸೋಸುವ ಬಯೋಸೇಫ್ಟಿ ಕ್ಯಾಬಿನೆಟ್‌ನಲ್ಲಿ, ಅದೂ ನೀವಾಗಿ ಮಾಡುವುದು ಬೇಡ. ಹಿರಿಯರು ಊಟಕ್ಕೆ ಹೋಗಿದ್ದರೂ ಸರಿ, ಫೋನ್ ಮಾಡಿ ಕರೆಯಿರಿ.