ಉರಿಸದ ಯೂನಿಟ್ಟಿಗೆ ದುಡ್ಡು: ನಿಯಮ ಬರೆಯುವುದು ಹೇಗೆ?

2022ರ ಸೆಪ್ಟೆಂಬರ್ 6, ಸಂಜೆ 5.45. ಕ್ಯಾಲಿಫೋರ್ನಿಯಾದಲ್ಲಿ ಸುಮಾರು 2.7 ಕೋಟಿ ಮೊಬೈಲುಗಳು ಒಂದೇ ಹೊತ್ತಿಗೆ ಕಿರುಚಿಕೊಂಡವು. ತೆಗೆದು ನೋಡಿದರೆ, ಆರೋಗ್ಯಕ್ಕೆ ತೊಂದರೆಯಿಲ್ಲದಿದ್ದರೆ ಬೇಡದ್ದನ್ನೆಲ್ಲ ಈಗಲೇ ಆರಿಸಿ, ಕರೆಂಟು ಉಳಿಸಿ ಎಂಬ ಸರ್ಕಾರಿ ಕೋರಿಕೆ. ಆ ಸಂಜೆ ಗ್ರಿಡ್ ಮೇಲಿನ ಬೇಡಿಕೆ 52,061 ಮೆಗಾವ್ಯಾಟ್ ಮುಟ್ಟಿತ್ತು. ಅಲ್ಲಿಯವರೆಗೆ ಆ ರಾಜ್ಯ ಕಂಡಿರದ ಏರಿಕೆ ಅದು. ಸಂದೇಶ ಹೋದ ಸ್ವಲ್ಪ ಹೊತ್ತಿನಲ್ಲೇ ಸುಮಾರು 2,000 ಮೆಗಾವ್ಯಾಟ್ ಇಳಿಯಿತು. ಗ್ರಿಡ್ ನಿರ್ವಾಹಕರು ಲೋಡ್ ಶೆಡ್ಡಿಂಗ್‌ಗೆ ಆದೇಶ ಕೊಡಬೇಕಾಗಲಿಲ್ಲ.

ಕೇಳಲು ಚಂದ. ಆದರೆ ಗ್ರಿಡ್ ನಡೆಸುವವರಿಗೆ ಇಂಥ ಸಂಜೆ ಇನ್ನೊಂದು ಬೇಡ. ಮೊಬೈಲ್ ಸಂದೇಶ ಎಂದರೆ ಬೇಡಿಕೊಳ್ಳುವುದು, ಅದು ಒಪ್ಪಂದವಲ್ಲ. ಮೂರನೆಯ ಸಲ, ನಾಲ್ಕನೆಯ ಸಲ ಎಷ್ಟು ಜನ ಸ್ವಿಚ್ ಮುಟ್ಟುತ್ತಾರೆಂದು ಯಾರೂ ಬರೆದುಕೊಡಲಾರರು. ಬೇಡಿಕೆ ಇಳಿಸುವುದನ್ನೂ ವಿದ್ಯುತ್ ಸ್ಥಾವರದಷ್ಟೇ ಲೆಕ್ಕಕ್ಕೆ ಹಿಡಿಯಬೇಕಾದರೆ ಅದಕ್ಕೊಂದು ನಿಯಮ ಬೇಕು. ದುಡ್ಡು ಕೊಟ್ಟು ಬೇಡಿಕೆ ಇಳಿಸುವ ಈ ಏರ್ಪಾಟಿಗೆ ಡಿಮ್ಯಾಂಡ್ ರೆಸ್ಪಾನ್ಸ್ ಎಂದು ಹೆಸರು. ಅಮೆರಿಕದಲ್ಲಿ ಇದರ ನಿಯಮ ಬರೆಯುವ ಕೆಲಸ ಬಹುಪಾಲು ರಾಜ್ಯಗಳ ವಿದ್ಯುತ್ ಆಯೋಗಗಳದ್ದು. ಅಂಥದೊಂದು ಆಯೋಗದ ಕುರ್ಚಿಯಲ್ಲಿ ನೀವೇ ಕೂತಿದ್ದೀರಿ ಎಂದುಕೊಳ್ಳಿ. ಎಲ್ಲಿಂದ ಶುರು ಮಾಡುತ್ತೀರಿ?

ಮೊದಲು: ಇದು ನಿಮ್ಮ ಕೈಯಲ್ಲಿದೆಯೇ ನೋಡಿ

ಸಗಟು ವಿದ್ಯುತ್ ಮಾರುಕಟ್ಟೆ ಕೇಂದ್ರದ ಆಯೋಗವಾದ ಫರ್ಕ್‌ಗೆ ಸೇರಿದ್ದು, ಮನೆ–ಅಂಗಡಿಗಳ ಚಿಲ್ಲರೆ ಮಾರಾಟ ರಾಜ್ಯದ್ದು. ಗಿರಾಕಿಯೊಬ್ಬ ತಾನು ಬಳಸದೆ ಬಿಟ್ಟ ಯೂನಿಟ್ಟನ್ನು ಸಗಟು ಮಾರುಕಟ್ಟೆಯಲ್ಲಿ ಮಾರಿದರೆ ಅದು ಯಾರ ಪಾಲು? 2011ರಲ್ಲಿ ಫರ್ಕ್ ತನ್ನ 745ನೇ ಸಂಖ್ಯೆಯ ಆದೇಶದಲ್ಲಿ, ಇಳಿಸಿದ ಯೂನಿಟ್ಟಿಗೂ ಉತ್ಪಾದಿಸಿದ ಯೂನಿಟ್ಟಿನಷ್ಟೇ ಮಾರುಕಟ್ಟೆ ಬೆಲೆ ಕೊಡಿ ಎಂದಿತು. ಉತ್ಪಾದಕರು ಕೋರ್ಟಿಗೆ ಹೋದರು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 6–2ರ ಬಹುಮತದಿಂದ ಫರ್ಕ್ ಪರ ನಿಂತಿತು. ತೀರ್ಪು ಬರೆದವರು ನ್ಯಾಯಮೂರ್ತಿ ಎಲೆನಾ ಕೇಗನ್.

ಹಾಗೆಂದು ರಾಜ್ಯದ ಕೈ ಕಟ್ಟಿಲ್ಲ. ಸಣ್ಣ ಗಿರಾಕಿಗಳನ್ನು ಗುಂಪು ಕಟ್ಟಿ ಸಗಟು ಮಾರುಕಟ್ಟೆಗೆ ಒಯ್ಯುವ ಕಂಪನಿಗಳಿಗೆ ಅಗ್ರಿಗೇಟರ್ ಎನ್ನುತ್ತಾರೆ. ಅವರು ನಮ್ಮ ರಾಜ್ಯದ ಗಿರಾಕಿಗಳನ್ನು ಮುಟ್ಟಕೂಡದು ಎನ್ನುವ ಹಕ್ಕನ್ನು 2008ರ 719ನೇ ಆದೇಶ ರಾಜ್ಯಗಳಿಗೆ ಕೊಟ್ಟಿತು. ಮಧ್ಯಪಶ್ಚಿಮದ ಕೆಲವು ರಾಜ್ಯಗಳು ಬಾಗಿಲು ಹಾಕಿಕೊಂಡವು ಕೂಡ. ಟೆಕ್ಸಸ್‌ನದು ಬೇರೆಯೇ ಕತೆ. ಅದರ ಗ್ರಿಡ್ ಬಹುಮಟ್ಟಿಗೆ ಪ್ರತ್ಯೇಕವಾದ್ದರಿಂದ ದರ, ಮಾರುಕಟ್ಟೆ ಎಲ್ಲವೂ ಅಲ್ಲಿನ ರಾಜ್ಯ ಆಯೋಗದ ಕೈಯಲ್ಲೇ.

ಎರಡನೆಯದು: ಕಷ್ಟದ ಗಂಟೆ ಯಾವುದೆಂದು ಹುಡುಕಿ

ವರ್ಷಕ್ಕೆ 8,760 ಗಂಟೆ. ಗ್ರಿಡ್ ಏದುಸಿರು ಬಿಡುವುದು ಅದರಲ್ಲಿ ಕೆಲವೇ ಕೆಲವು ಗಂಟೆ, ಅದೂ ನಾವು ಊಹಿಸಿದ ಹೊತ್ತಿನಲ್ಲಲ್ಲ. 2020ರ ಆಗಸ್ಟ್ 14 ಮತ್ತು 15ರಂದು ಕ್ಯಾಲಿಫೋರ್ನಿಯಾದಲ್ಲಿ ಸರದಿಯಂತೆ ಕರೆಂಟು ತೆಗೆದರು. 2001ರ ನಂತರ ಅದೇ ಮೊದಲು. ಬಳಕೆ ತುತ್ತತುದಿಯಲ್ಲಿದ್ದ ಹೊತ್ತಿನಲ್ಲಿ ಏನೂ ಆಗಲಿಲ್ಲ. ಹೊತ್ತು ಇಳಿದು ಸೌರ ಫಲಕಗಳು ಕೈಕೊಟ್ಟಾಗ, ಮನೆಗಳ ಎಸಿ ಇನ್ನೂ ಓಡುತ್ತಿದ್ದಾಗ ಕೊರತೆ ಬಿತ್ತು. ಆ ಸಂಜೆಯ ಹೊತ್ತಿಗೆ ತಕ್ಕಂತೆ ಯೋಜನೆ ಮಾಡಿರಲಿಲ್ಲ ಎಂಬುದು ನಂತರದ ತನಿಖಾ ವರದಿ ಪಟ್ಟಿ ಮಾಡಿದ ಕಾರಣಗಳಲ್ಲಿ ಒಂದು. ಮಧ್ಯಾಹ್ನ ಎರಡಕ್ಕೆ ಲೋಡ್ ಇಳಿಸುತ್ತೇನೆ ಎನ್ನುವ ಕಾರ್ಖಾನೆಗೆ ಅಲ್ಲಿ ದುಡ್ಡು ಕೊಟ್ಟರೆ ಅದು ನೀರಿಗೆ ಹಾಕಿದಂತೆ.

ಟೆಕ್ಸಸ್ ಪೆಟ್ಟು ತಿಂದದ್ದು ಚಳಿಯಲ್ಲಿ, 2021ರ ಫೆಬ್ರವರಿಯಲ್ಲಿ. ಬೇಸಿಗೆಯ ಎಸಿಗೆಂದು ಮಾಡಿಟ್ಟ ಯೋಜನೆ ಆಗ ಯಾವ ಕೆಲಸಕ್ಕೂ ಬಾರದು. ಇನ್ನೊಂದು ಎಡವಟ್ಟೂ ಬೆಳಕಿಗೆ ಬಂತು. ತುರ್ತಿನಲ್ಲಿ ಕರೆಂಟು ಬಿಟ್ಟುಕೊಡುತ್ತೇವೆಂದು ದುಡ್ಡು ಪಡೆದವರ ಪಟ್ಟಿಯಲ್ಲಿ ಕೆಲವು ನೈಸರ್ಗಿಕ ಅನಿಲ ಘಟಕಗಳೂ ಇದ್ದವು. ಅವು ನಿಂತರೆ ಅನಿಲವಿಲ್ಲ, ಅನಿಲವಿಲ್ಲದಿದ್ದರೆ ವಿದ್ಯುತ್ ಸ್ಥಾವರವಿಲ್ಲ. ಕೂತ ಕೊಂಬೆಯನ್ನೇ ಕಡಿಯಲು ಕೂಲಿ ಕೊಟ್ಟ ಹಾಗೆ. ಆದ್ದರಿಂದ ಯಾರು ಸೇರಬಹುದು ಎನ್ನುವುದರ ಜೊತೆಗೆ ಯಾರು ಸೇರಕೂಡದು ಎಂಬ ಪಟ್ಟಿಯನ್ನೂ ಬರೆಯಿರಿ. ಲೋಡ್ ಇಳಿಸಿದಂತೆ ತೋರಿಸಿ ಹಿತ್ತಲಲ್ಲಿ ಡೀಸೆಲ್ ಜನರೇಟರ್ ಹಚ್ಚಿಕೊಳ್ಳುವವರೂ ಆ ಪಟ್ಟಿಯಲ್ಲಿರಲಿ. ಕ್ಯಾಲಿಫೋರ್ನಿಯಾದ ಆಯೋಗ 2016ರಲ್ಲೇ ಅದಕ್ಕೆ ತಡೆ ಹಾಕಿತು.

ಮೂರನೆಯದು: ಎಷ್ಟು ಬೇಗ ಬೇಕು?

ಅಮೆರಿಕದ ಗ್ರಿಡ್ ಸೆಕೆಂಡಿಗೆ 60 ಸಲ, ಎಂದರೆ 60 ಹರ್ಟ್ಸ್ ಆವರ್ತನದಲ್ಲಿ ಮಿಡಿಯುತ್ತದೆ. 2021ರ ಫೆಬ್ರವರಿ 15ರ ನಸುಕಿನಲ್ಲಿ ಟೆಕ್ಸಸ್‌ನ ಮಿಡಿತ 59.302ಕ್ಕೆ ಕುಸಿಯಿತು. 59.4ಕ್ಕಿಂತ ಕೆಳಗೆ ಅದು ಇದ್ದದ್ದು 4 ನಿಮಿಷ 23 ಸೆಕೆಂಡು. ಒಂಬತ್ತು ನಿಮಿಷ ಹಾಗೇ ಉಳಿದಿದ್ದರೆ ಸ್ಥಾವರಗಳು ತಮ್ಮ ಯಂತ್ರ ಉಳಿಸಿಕೊಳ್ಳಲು ಒಂದೊಂದಾಗಿ ಕಳಚಿಕೊಂಡು ಇಡೀ ಗ್ರಿಡ್ ಬೀಳುತ್ತಿತ್ತು. ಇಂಥ ಹೊತ್ತಿನಲ್ಲಿ ಫೋನ್ ಮಾಡಿ ಕೇಳಿಕೊಳ್ಳುತ್ತ ಕೂರಲಾಗದು. ಅದಕ್ಕೇ ಅಲ್ಲಿ ಕೆಲವು ದೊಡ್ಡ ಗಿರಾಕಿಗಳ ಬಳಿ ರಿಲೇ ಕೂರಿಸಿರುತ್ತಾರೆ. ಆವರ್ತನ 59.7ಕ್ಕೆ ಇಳಿದರೆ ಯಾರನ್ನೂ ಕೇಳದೆ ಅರ್ಧ ಸೆಕೆಂಡಿನೊಳಗೆ ಲೋಡ್ ಕತ್ತರಿಸುತ್ತದೆ. ಅದರ ನಂತರ ಹತ್ತು ನಿಮಿಷ ಮುನ್ಸೂಚನೆಯವರು, ಮೂವತ್ತು ನಿಮಿಷದವರು, ಹಿಂದಿನ ದಿನವೇ ಹೇಳಿದರೆ ಸಾಕು ಎನ್ನುವವರು. ನಿಮ್ಮ ನಿಯಮದಲ್ಲಿ ಈ ಮೆಟ್ಟಿಲುಗಳು ಬೇರೆಬೇರೆ ಇರಬೇಕು, ಬೆಲೆಯೂ ಬೇರೆ. ಎಲ್ಲರಿಗೂ ಒಂದೇ ದರ ಕಟ್ಟಿದರೆ ಬರುವವರೆಲ್ಲ ನಿಧಾನದವರೇ.

ನಾಲ್ಕನೆಯದು: ಇಲ್ಲದ್ದನ್ನು ಅಳೆಯಿರಿ

ಇಡೀ ವ್ಯವಹಾರದ ಗುಟ್ಟು ಇರುವುದು ಇಲ್ಲಿ. ಬಳಸಿದ್ದನ್ನು ಮೀಟರ್ ತೋರಿಸುತ್ತದೆ. ಬಳಸದೆ ಬಿಟ್ಟದ್ದನ್ನು ಯಾವ ಮೀಟರ್ ತೋರಿಸೀತು? ಲೋಡ್ ಇಳಿಸಿ ಎಂಬ ಕರೆ ಬರದೆ ಇದ್ದಿದ್ದರೆ ಗಿರಾಕಿ ಎಷ್ಟು ಬಳಸುತ್ತಿದ್ದ ಎಂದು ಊಹಿಸಲೇಬೇಕು. ಆ ಊಹೆಗೆ ಬೇಸ್‌ಲೈನ್ ಎನ್ನುತ್ತಾರೆ.

ಒಂದು ಕೋಲ್ಡ್ ಸ್ಟೋರೇಜ್ ಇದೆ ಎನ್ನಿ. ಹಿಂದಿನ ಹತ್ತು ಕೆಲಸದ ದಿನಗಳಲ್ಲಿ ಸಂಜೆ 6ರಿಂದ 7ರವರೆಗೆ ಅದರ ಸರಾಸರಿ ಬಳಕೆ 400 ಯೂನಿಟ್. ಕರೆ ಬಂದ ದಿನ ಸೆಕೆ ಜಾಸ್ತಿ, ಬೆಳಗ್ಗೆಯಿಂದಲೇ ಬಳಕೆ ಶೇ 10 ಹೆಚ್ಚಿತ್ತು. ಹಾಗಾಗಿ ಬೇಸ್‌ಲೈನನ್ನು 440ಕ್ಕೆ ಏರಿಸಬೇಕು. ಸಂಜೆ ಮೀಟರ್ ತೋರಿಸಿದ್ದು 290. ಇಳಿಸಿದ್ದು 150. ಸೆಕೆಯ ಲೆಕ್ಕ ಬಿಟ್ಟಿದ್ದರೆ 110 ಮಾತ್ರ ಎಂದಾಗುತ್ತಿತ್ತು, ಪ್ರಾಮಾಣಿಕನಿಗೆ 40 ಯೂನಿಟ್ ನಷ್ಟ.

ಈಗ ಅಪ್ರಾಮಾಣಿಕನ ಕಣ್ಣಿನಿಂದ ಇದನ್ನೇ ನೋಡಿ. ಸಂಜೆ ಕರೆ ಇದೆ ಎಂದು ಮಧ್ಯಾಹ್ನವೇ ಗೊತ್ತಾದರೆ, ಬೇಕಿಲ್ಲದ ಮೋಟಾರುಗಳನ್ನೆಲ್ಲ ಓಡಿಸಿ ಬೇಸ್‌ಲೈನ್ ಉಬ್ಬಿಸಿಬಿಡುತ್ತಾನೆ. ಆದ್ದರಿಂದ ಆ ದಿನದ ಹೊಂದಾಣಿಕೆಗೆ ಮುನ್ಸೂಚನೆ ಕೊಡುವುದಕ್ಕಿಂತ ಮುಂಚಿನ ಗಂಟೆಗಳನ್ನೇ ಹಿಡಿಯಬೇಕು, ಅದಕ್ಕೊಂದು ಮಿತಿಯನ್ನೂ ಹಾಕಬೇಕು. ಇಲ್ಲೊಂದು ಸೂಕ್ಷ್ಮವಿದೆ. ಗೋದಾಮನ್ನು ಮೊದಲೇ ಚೆನ್ನಾಗಿ ತಂಪು ಮಾಡಿಟ್ಟು ಸಂಜೆ ಯಂತ್ರ ನಿಲ್ಲಿಸುವುದು ಮೋಸವಲ್ಲ, ಅದೇ ಜಾಣತನ. ಎರಡನ್ನೂ ಬೇರ್ಪಡಿಸುವ ಗೆರೆಯನ್ನು ನೀವೇ ಎಳೆಯಬೇಕು.

ಇದು ಬರೀ ಅನುಮಾನದ ಮಾತಲ್ಲ. ಮೇಯ್ನ್ ರಾಜ್ಯದ ಕಾಗದದ ಕಾರ್ಖಾನೆಯೊಂದಕ್ಕೆ ಬೇಕಾದ ವಿದ್ಯುತ್ತಿನ ಬಹುಪಾಲು ಅದರದೇ ಜನರೇಟರಿನಿಂದ ಬರುತ್ತಿತ್ತು. ಬೇಸ್‌ಲೈನ್ ಗೊತ್ತುಮಾಡುವ ದಿನಗಳಲ್ಲಿ ಅದು ಸ್ವಂತ ಉತ್ಪಾದನೆ ತಗ್ಗಿಸಿ ಗ್ರಿಡ್‌ನಿಂದ ಹೆಚ್ಚು ಎಳೆದುಕೊಂಡಿತು. ದಿನಗಳು ಮುಗಿದ ಮೇಲೆ ಎಂದಿನಂತೆ ಜನರೇಟರ್ ಓಡಿಸಿತು, ಬೇಡಿಕೆ ಇಳಿಸಿದ್ದೇನೆಂದು ದುಡ್ಡು ಎಣಿಸಿಕೊಂಡಿತು. ಫರ್ಕ್ ಹಿಂದೆ ಬಿದ್ದು ದಂಡ ಹಾಕಿತು. ಕಾರ್ಖಾನೆ ನಯಾಪೈಸೆಯ ಬಳಕೆಯನ್ನೂ ಇಳಿಸಿರಲಿಲ್ಲ. ಕಾಗದದ ಮೇಲೆ ಮಾತ್ರ ಕೆಲಸ ನಡೆದಿತ್ತು, ಅದು ಕಾಗದದ ಕಾರ್ಖಾನೆಯೇ ತಾನೆ.

ಮನೆಗಳಿಗೆ ಈ ಹತ್ತು ದಿನದ ಸರಾಸರಿ ಸರಿಹೊಂದದು. ನೆಂಟರು ಬಂದರೂ ಮೀಟರ್ ಓಡುತ್ತದೆ, ಪ್ರವಾಸ ಹೋದರೂ ನಿಲ್ಲುತ್ತದೆ. ಅಲ್ಲಿ ಸೇರಿದ ಮನೆಗಳಲ್ಲೇ ಚೀಟಿ ಎತ್ತಿದಂತೆ ಒಂದಷ್ಟನ್ನು ಬದಿಗಿರಿಸಿ, ಆ ದಿನ ಅವುಗಳ ಎಸಿ ಮುಟ್ಟದೆ, ಉಳಿದವುಗಳ ಜೊತೆ ಹೋಲಿಸುವುದೇ ನನಗೆ ಕಂಡಂತೆ ಹೆಚ್ಚು ನ್ಯಾಯದ ದಾರಿ.

ಐದನೆಯದು: ದುಡ್ಡು, ದಂಡ

ಕ್ಯಾಲಿಫೋರ್ನಿಯಾ 2021ರಲ್ಲಿ ತುರ್ತು ಯೋಜನೆಯೊಂದನ್ನು ತಂದು ಇಳಿಸಿದ ಪ್ರತಿ ಯೂನಿಟ್ಟಿಗೆ 1 ಡಾಲರ್ ಎಂದಿತು, ಆಮೇಲೆ 2 ಡಾಲರಿಗೆ ಏರಿಸಿತು. ಅಮೆರಿಕದ ಮನೆಗಳು ಯೂನಿಟ್ಟಿಗೆ ಸರಾಸರಿ 15 ಸೆಂಟ್ ಆಸುಪಾಸು ಕೊಡುತ್ತಿದ್ದ ಕಾಲವದು. ಆದರೆ ಮಾತಿಗೆ ತಪ್ಪಿದರೆ ದಂಡವಿಲ್ಲ. ಜನರನ್ನು ಸೇರಿಸಲು ಇದು ಒಳ್ಳೆಯ ಉಪಾಯ. ಭರವಸೆ ಇಡಲು ಅಲ್ಲ. ದಂಡವಿಲ್ಲದ ಮೆಗಾವ್ಯಾಟನ್ನು ಸ್ಥಾವರದ ಸಾಲಿನಲ್ಲಿ ಬರೆದುಕೊಳ್ಳಬೇಡಿ, ಬಂದರೆ ಬಂತು ಎಂದು ಬೇರೆ ಸಾಲಿನಲ್ಲಿಡಿ.

ವಿತರಣಾ ಕಂಪನಿಯ ಮನಸ್ಸನ್ನೂ ಓದಿ. ಹೊಸ ಲೈನು, ಹೊಸ ಸಬ್‌ಸ್ಟೇಷನ್ ಕಟ್ಟಿದರೆ ಹಾಕಿದ ಬಂಡವಾಳದ ಮೇಲೆ ಅದಕ್ಕೆ ಲಾಭ ಸಿಗುತ್ತದೆ. ಗಿರಾಕಿಯ ಬಳಕೆ ಇಳಿಸಿದರೆ ಮಾರಾಟವೇ ಇಳಿಯುತ್ತದೆ. ಮಾರಾಟಕ್ಕೂ ಆದಾಯಕ್ಕೂ ಇರುವ ಈ ಗಂಟನ್ನು ಬಿಚ್ಚದೆ ಯೋಜನೆ ಜಾರಿಗೆ ಬಿಟ್ಟರೆ ಕಂಪನಿ ಅದನ್ನು ಮೂಲೆಯಲ್ಲಿಟ್ಟು ಧೂಳು ಹಿಡಿಸುತ್ತದೆ. ಕ್ಯಾಲಿಫೋರ್ನಿಯಾ ಆ ಗಂಟನ್ನು 1980ರ ದಶಕದ ಮೊದಲ ವರ್ಷಗಳಲ್ಲೇ ಬಿಚ್ಚಲು ಹೊರಟಿತ್ತು.

ಆರನೆಯದು: ಒಪ್ಪಿಗೆ ನಿಜವಾದ ಒಪ್ಪಿಗೆಯಾಗಲಿ

2022ರ ಆಗಸ್ಟ್ ಕೊನೆಯಲ್ಲಿ ಕೊಲರಾಡೋದ ಸುಮಾರು 22,000 ಮನೆಗಳ ಜನ ಸೆಕೆ ತಾಳದೆ, ಎಸಿಯ ಉಷ್ಣತೆ ಗೊತ್ತುಮಾಡುವ ಥರ್ಮೋಸ್ಟಾಟ್ ಒತ್ತಿದರು. ಉಷ್ಣತೆ ಬದಲಾಗಲಿಲ್ಲ, ವಿದ್ಯುತ್ ತುರ್ತುಸ್ಥಿತಿ, ಲಾಕ್ ಆಗಿದೆ ಎಂಬ ಸಂದೇಶ ತೆರೆಯ ಮೇಲೆ. ಅವರೆಲ್ಲ ಎಸಿಯ ಹತೋಟಿಯನ್ನು ವಿದ್ಯುತ್ ಕಂಪನಿಗೆ ಬಿಟ್ಟುಕೊಡುವ ಯೋಜನೆಗೆ ತಾವಾಗಿಯೇ ಸೇರಿದವರು, ಸೇರಿದ್ದಕ್ಕೆ ಬಿಲ್ಲಿನಲ್ಲಿ ರಿಯಾಯಿತಿ ಪಡೆದವರು. ಲಾಕ್ ಕೂಡ ಆಗಬಹುದು ಎಂಬ ಸಾಲು ಷರತ್ತಿನಲ್ಲಿತ್ತು. ಓದಿದವರು ಎಷ್ಟು ಮಂದಿ ಎಂದು ಕೇಳಬೇಡಿ. ವರ್ಷಕ್ಕೆ ಗರಿಷ್ಠ ಎಷ್ಟು ಸಲ, ಒಂದು ಸಲಕ್ಕೆ ಎಷ್ಟು ಗಂಟೆ, ಬೇಡವಾದರೆ ಯಾವ ಗುಂಡಿ ಒತ್ತಬೇಕು: ಈ ಮೂರೂ ಅರ್ಜಿಯ ಮೊದಲ ಪುಟದಲ್ಲಿ, ದೊಡ್ಡ ಅಕ್ಷರದಲ್ಲಿರಬೇಕು ಎಂದು ಆದೇಶಿಸಿ. ಮನೆಯಲ್ಲಿ ಉಸಿರಾಟದ ಯಂತ್ರ ಇಟ್ಟುಕೊಂಡವರ ಕರೆಂಟಿಗೆ ಕೈ ಹಾಕುವಂತಿಲ್ಲ ಎನ್ನುವುದೂ ಇರಲಿ.

ಬೆಲೆಯ ಏರಿಳಿತವನ್ನು ನೇರ ಮನೆಗೆ ಬಿಟ್ಟುಬಿಡುವ ಆಸೆಯೂ ಬರುತ್ತದೆ. ಟೆಕ್ಸಸ್‌ನಲ್ಲಿ ಸಗಟು ಬೆಲೆ 2021ರ ಫೆಬ್ರವರಿಯಲ್ಲಿ ಮೆಗಾವ್ಯಾಟ್ ಗಂಟೆಗೆ 9,000 ಡಾಲರ್, ಅಂದರೆ ಯೂನಿಟ್ಟಿಗೆ 9 ಡಾಲರ್ ಮುಟ್ಟಿತು. ಸಗಟು ಬೆಲೆಗೇ ಗಂಟು ಹಾಕಿಕೊಂಡಿದ್ದ ಮನೆಗಳಿಗೆ ಸಾವಿರಾರು ಡಾಲರ್ ಬಿಲ್ಲು ಬಂತು. ಅದೇ ವರ್ಷ ಶಾಸನಸಭೆ ಮನೆಗಳಿಗೆ ಅಂಥ ಯೋಜನೆ ಮಾರುವುದನ್ನೇ ನಿಷೇಧಿಸಿತು.

ದೊಡ್ಡವರ ಜೊತೆ ಇಷ್ಟು ನಯ ಬೇಕಿಲ್ಲ. 75 ಮೆಗಾವ್ಯಾಟ್ ಮತ್ತು ಅದಕ್ಕೂ ಹೆಚ್ಚಿನ ಹೊಸ ಗಿರಾಕಿಗಳು, ಎಂದರೆ ಮುಖ್ಯವಾಗಿ ಡೇಟಾ ಸೆಂಟರುಗಳು, ತುರ್ತಿನಲ್ಲಿ ಲೋಡ್ ಬಿಟ್ಟುಕೊಡಲೇಬೇಕು ಎಂದು ಟೆಕ್ಸಸ್ 2025ರಲ್ಲಿ ಕಾನೂನು ಮಾಡಿತು. ಒಂದು ಡೇಟಾ ಸೆಂಟರ್ ಸಾವಿರಾರು ಎಸಿಗೆ ಸಮ. ಸ್ವಿಚ್ ಮಾತ್ರ ಒಂದೇ.

ಕೊನೆಗೆ: ವಾಪಸ್ ಹಾಕುವ ಹೊತ್ತು

ಬಹಳ ನಿಯಮಗಳು ಮರೆಯುವುದು ಇದನ್ನೇ. ರಾತ್ರಿ 9ಕ್ಕೆ ಕರೆ ಮುಗಿಯಿತು ಎಂದುಕೊಳ್ಳಿ. ಮೂರು ಗಂಟೆ ಬಿಸಿಯಾಗಿದ್ದ ಮನೆಗಳ ಎಸಿಗಳೆಲ್ಲ 9 ಹೊಡೆದ ಕೂಡಲೇ ಒಟ್ಟಿಗೆ ಎದ್ದು ಕೂರುತ್ತವೆ. ಸಂಜೆ ಇಳಿಸಿದ ಬೇಡಿಕೆ ರಾತ್ರಿ ಬಡ್ಡಿ ಸಮೇತ ಮರಳುತ್ತದೆ, ಬಡಾವಣೆಯ ಟ್ರಾನ್ಸ್‌ಫಾರ್ಮರ್ ಢಮ್ ಎನ್ನಬಹುದು. ಆದ್ದರಿಂದ ಸೇರಿದವರನ್ನು ಗುಂಪು ಮಾಡಿ, ಒಂದು ಗುಂಪನ್ನು 8.40ಕ್ಕೆ, ಮುಂದಿನದನ್ನು 8.50ಕ್ಕೆ, ಹೀಗೆ ಹತ್ತು ಹತ್ತು ನಿಮಿಷ ಬಿಟ್ಟು ಬಿಡುಗಡೆ ಮಾಡಬೇಕೆಂದು ಬರೆಯಿರಿ. ಯಾವ ಗುಂಪಿಗೂ ಪ್ರತಿ ಸಲ ಕೊನೆಯ ಸರದಿ ಬರದಂತೆ ಪಟ್ಟಿಯನ್ನು ತಿರುಗಿಸುತ್ತಿರಬೇಕು ಎಂಬ ಸಾಲೂ ಇರಲಿ. ಇಲ್ಲದಿದ್ದರೆ ಮುಂದಿನ ಅಹವಾಲು ಸಭೆಯಲ್ಲಿ ಮೊದಲ ದೂರು ಅದೇ.