ಹೊಸಬರಿಗೆ ಮಾರ್ಗದರ್ಶಿ: ಸ್ನೋ ಊರಿನಲ್ಲಿ ಆಲ್ ವೀಲ್ ಡ್ರೈವ್ ಸ್ಪೋರ್ಟ್ಸ್ ಕಾರು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋಗೆ ಹೊಸದಾಗಿ ಹೋದವರಿಗೆ ಇದು. ವೀಸಾ ಕೈಗೆ ಬಂದು ಇನ್ನೂ ಊರಲ್ಲೇ ಸೂಟ್‌ಕೇಸ್ ತುಂಬುತ್ತಿರುವವರಿಗೂ ಹೌದು. ನಾನೀಗ ರಜೆಗೆ ಚಿಂತಾಮಣಿಯ ಮನೆಯಲ್ಲಿದ್ದೇನೆ. ಹೊರಡುವವರು ಬಂದು ಮನೆ ಬಾಡಿಗೆ ಎಷ್ಟು, ಮಕ್ಕಳ ಸ್ಕೂಲು ಹೇಗೆ ಅಂತ ಕೇಳುವುದು ಕಡಿಮೆ. "ಅಣ್ಣ, ಅಲ್ಲಿ ಯಾವ ಕಾರು ತಗೊಳ್ಳಲಿ?" ಅಂತಲೇ ಶುರು. ಉತ್ತರವನ್ನೂ ಅವರೇ ತಂದಿರುತ್ತಾರೆ. ಸುಬಾರು ಡಬ್ಲ್ಯೂಆರ್‌ಎಕ್ಸ್, ಆಡಿ ಕ್ವಾಟ್ರೊ, ಬಿಎಂಡಬ್ಲ್ಯೂ ಎಕ್ಸ್‌ಡ್ರೈವ್. "ಆಲ್ ವೀಲ್ ಡ್ರೈವ್ ಅಲ್ವಾ, ಸ್ನೋದಲ್ಲಿ ಏನೂ ತೊಂದರೆ ಇಲ್ಲವಂತೆ."

ತಗೊಳ್ಳಿ, ಬೇಡ ಅನ್ನುವುದಿಲ್ಲ. ಸಾವಿರ ಅಡಿಗೂ ಆಳಕ್ಕೆ ಬೋರ್ ಕೊರೆಸಿ ನೀರು ತೆಗೆದ ಜಿಲ್ಲೆಯವರು ನಾವು, ಒಂದು ಚಳಿಗಾಲಕ್ಕೆ ಹೆದರುತ್ತೇವಾ? ಆದರೆ ಆ "ಏನೂ ತೊಂದರೆ ಇಲ್ಲವಂತೆ" ಅನ್ನುವ ಮಾತನ್ನು ಊರಲ್ಲೇ ಬಿಟ್ಟು ಹೊರಡಿ.

ನಾಲ್ಕು ಚಕ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಇಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುತ್ತದೆ. ಅದರಿಂದ ಸಿಗ್ನಲ್‌ನಲ್ಲಿ ನಿಂತಿದ್ದ ಕಾರು ಹೊರಡುವುದು, ದಿಬ್ಬ ಹತ್ತುವುದು ಸಲೀಸು. ಅಷ್ಟೇ. ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ, ಪಕ್ಕದ ಮನೆಯವರ ಹಳೇ ಕೊರೊಲ್ಲಾದಲ್ಲೂ. ನಿಲ್ಲುವ ವಿಷಯದಲ್ಲಿ ನಿಮ್ಮ ಕಾರಿಗೆ ಹೆಚ್ಚುಗಾರಿಕೆ ಏನೂ ಇಲ್ಲ. ತಿರುವಿನಲ್ಲೂ ರಸ್ತೆ ಹಿಡಿದುಕೊಳ್ಳುವುದು ಟೈರೇ.

ಅಪಾಯ ಇಲ್ಲೇ ಇದೆ. ಮುಂದಿನ ಚಕ್ರ ಮಾತ್ರ ಎಳೆಯುವ ಕಾರು ಜಾರುವ ರಸ್ತೆಯಲ್ಲಿ ಹೊರಡುವಾಗಲೇ ಚಕ್ರ ತಿರುಗಿಸಿ, ಒದ್ದಾಡಿ, ಇವತ್ತು ಸರಿ ಇಲ್ಲ ಅಂತ ಹೇಳಿಬಿಡುತ್ತದೆ. ನಿಮ್ಮ ಕಾರು ಹೇಳುವುದಿಲ್ಲ. ಆರಾಮಾಗಿ 40 ಮೈಲಿ ವೇಗಕ್ಕೆ ಹೋಗಿಬಿಡುತ್ತದೆ, ರಸ್ತೆ ಎಂಥದ್ದು ಅಂತ ತಿಳಿಯುವುದು ಮೊದಲ ಸಲ ಬ್ರೇಕ್ ಒತ್ತಿದಾಗ. ಡಿಸೆಂಬರ್, ಜನವರಿಯಲ್ಲಿ ಗುಡಿಬಂಡೆ, ಪಾವಗಡ, ಶಿರಾ ಕಡೆ ಒಕ್ಕಣೆಗೆ ಅಂತ ಟಾರು ರಸ್ತೆ ಮೇಲೆ ಹುರುಳಿ ಹರಡಿರುತ್ತಾರಲ್ಲ, ಅದರ ಮೇಲೆ ಬೈಕಿನಲ್ಲಿ ಬ್ರೇಕ್ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಮನೆಯಿಂದ ಹೊರಟ ಕೂಡಲೇ, ಹಿಂದೆ ಮುಂದೆ ಯಾರೂ ಇಲ್ಲದಾಗ, ನಿಧಾನದಲ್ಲಿ ಒಮ್ಮೆ ಬ್ರೇಕ್ ಒತ್ತಿ ನೋಡಿ. ದಿನಾ ನೋಡಿ.

ಟೈರು (ಇದನ್ನು ಎರಡು ಸಲ ಓದಿ)

ಸ್ಪೋರ್ಟ್ಸ್ ಕಾರುಗಳು ಹೆಚ್ಚಾಗಿ ಬರುವುದೇ ಸಮ್ಮರ್ ಟೈರಿನಲ್ಲಿ. ಶೋರೂಮಿನಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು. ಈ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಅಮೆರಿಕದ ಲೆಕ್ಕದಲ್ಲಿ ಅದು 45 ಫ್ಯಾರನ್‌ಹೀಟ್. ಸ್ನೋ ಬೀಳಲೇಬೇಕು ಅಂತಿಲ್ಲ, ಒಣ ರಸ್ತೆಯಲ್ಲೂ ಹಾಗೇ. ತೀರಾ ಚಳಿಯಲ್ಲಿ ಓಡಿಸಿದರೆ ಟೈರು ಬಿರುಕು ಬಿಡುವುದೂ ಉಂಟು. ಬಫಲೋದಲ್ಲಿ ಜನವರಿಯ ಮಧ್ಯಾಹ್ನವೇ ಸರಾಸರಿ 0 ಡಿಗ್ರಿ ಆಸುಪಾಸು. ಬೆಳಗಿನ ಜಾವ ಏನಿರುತ್ತದೆ ಯೋಚಿಸಿ. ನಂದಿ ಬೆಟ್ಟದಲ್ಲಿ ಮಂಕಿ ಕ್ಯಾಪ್ ಹಾಕಿ ಟೀ ಕುಡಿದ ಚಳಿಯನ್ನು ಅಳತೆಗೆ ಇಟ್ಟುಕೊಳ್ಳಬೇಡಿ.

ಎಲ್ಲ ಕಾಲಕ್ಕೂ ಆಗುತ್ತದೆ ಅನ್ನುವ ಆಲ್ ಸೀಸನ್ ಟೈರು ಸಾಕಲ್ವಾ ಅಂತ ಕೇಳುತ್ತೀರಿ. ಟೈರಿನ ಪಕ್ಕದಲ್ಲಿ ಎಂ ಪ್ಲಸ್ ಎಸ್ (ಮಡ್, ಸ್ನೋ, ಅಂದರೆ ಕೆಸರು, ಹಿಮ) ಅಂತ ಅಚ್ಚು ಇದ್ದ ಮಾತ್ರಕ್ಕೆ ಅದು ಚಳಿಗಾಲದ ಟೈರಲ್ಲ. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಆ ಗುರುತು ಹುಡುಕಿ. ಅದು ಸ್ನೋದಲ್ಲಿ ಪರೀಕ್ಷೆ ಪಾಸಾದ ಟೈರು. ಅದರಲ್ಲೂ ಬಫಲೋದಂಥ ಊರಿಗೆ, ಇಷ್ಟು ಬಲದ ಕಾರಿಗೆ, ಪೂರಾ ವಿಂಟರ್ ಟೈರೇ ಸರಿ ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಗಡಿ ದಾಟಿ ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅಲ್ಲಿನವರ ಕಾರಿಗೆ ಇದು ಕಾನೂನೇ. ಬಫಲೋದಲ್ಲಿ ಕಾನೂನಿಲ್ಲ ಅಂತ ನಮ್ಮವರು ಸುಮ್ನೆ ಇರುತ್ತಾರೆ. ಫೈನ್ ಹಾಕಿದರೆ ಮಾತ್ರ ಹೆಲ್ಮೆಟ್ ಹಾಕುವ ಬುದ್ಧಿ ಅಲ್ಲಿಗೂ ಹೋಗಿದೆ.

ಇನ್ನೊಂದು. ಊರಲ್ಲಿ ಈ ವರ್ಷ ಎರಡು ಟೈರು, ಮುಂದಿನ ವರ್ಷ ಇನ್ನೆರಡು ಅಂತ ಹಾಕಿಸುತ್ತೇವೆ. ಈ ಕಾರಿಗೆ ಅದು ನಡೆಯುವುದಿಲ್ಲ. ಸವೆದ ಟೈರಿನ ಸುತ್ತಳತೆ ಕಡಿಮೆ, ಹೊಸದರದ್ದು ಜಾಸ್ತಿ. ನೇರ ರಸ್ತೆಯಲ್ಲೂ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗುತ್ತವೆ. ಮುಂದಿನ ಹಿಂದಿನ ಚಕ್ರಗಳನ್ನು ಜೋಡಿಸುವ ಡಿಫರೆನ್ಷಿಯಲ್ ಅಥವಾ ಕ್ಲಚ್ಚು ಆ ವ್ಯತ್ಯಾಸ ಸರಿದೂಗಿಸುತ್ತಾ ಬಿಸಿಯಾಗಿ ಸವೆಯುತ್ತದೆ. ನನಗೆ ಹಳೇ ಕಾರು ಮಾರಿದ ವ್ಯಾಪಾರಿಯೊಬ್ಬ ಮೂರು ಸವೆದ ಟೈರಿನ ಜೊತೆ ಒಂದು ಹೊಚ್ಚ ಹೊಸದನ್ನು ಹಾಕಿ, ಚೆನ್ನಾಗಿ ತೊಳೆದು, ಕಪ್ಪು ಪಾಲಿಶ್ ಬಳಿದು ಕೊಟ್ಟಿದ್ದ. ಚಳಿಗಾಲ ಮುಗಿಯುವ ಮೊದಲೇ ಪಾರ್ಕಿಂಗ್‌ನಲ್ಲಿ ತಿರುಗಿಸಿದಾಗೆಲ್ಲ ಕೆಳಗಿನಿಂದ ಗರಗರ ಸದ್ದು, ಕಾರು ಎಳೆದೆಳೆದು ಹೋಗುವುದು. ರಿಪೇರಿ ಬಿಲ್ಲಿನಲ್ಲಿ ಎರಡು ಸೆಟ್ ಟೈರು ಬರುತ್ತಿತ್ತು. ಆದ್ದರಿಂದ ಸೆಕೆಂಡ್ ಹ್ಯಾಂಡ್ ನೋಡಲು ಹೋದಾಗ ಬಣ್ಣ, ಸನ್‌ರೂಫ್ ಆಮೇಲೆ. ಮೊದಲು ಮಂಡಿಯೂರಿ ಕೂತು ನಾಲ್ಕೂ ಟೈರಿನ ಬ್ರಾಂಡು, ಅಳತೆ, ಗೀರಿನ ಆಳ ನೋಡಿ. ಜನ ನೋಡಿದರೆ ನೋಡಲಿ. ನಾಚಿಕೆ ಪಡಬೇಕಾದವರು ನೀವಲ್ಲ.

ವಿಂಟರ್ ಟೈರಿಗೆ ಬೇರೆ ರಿಮ್ಮೇ ತಗೊಳ್ಳಿ. ಕಾರಿನಲ್ಲಿ 19 ಇಂಚಿನದು ಇದ್ದರೆ, ಬ್ರೇಕಿಗೆ ತಾಗುವುದಿಲ್ಲ ಅಂದರೆ 18 ಅಥವಾ 17. ಟೈರಿನ ಪಕ್ಕೆ ದಪ್ಪವಾಗಿ ಗುಂಡಿಗೆ ಬಿದ್ದಾಗ ರಿಮ್ಮು ಉಳಿಯುತ್ತದೆ. ಹೌದು, ಅಮೆರಿಕದಲ್ಲೂ ಗುಂಡಿ ಇವೆ, ಮಾರ್ಚ್‌ನಲ್ಲಿ ನೋಡುವಿರಂತೆ. ರಿಮ್ಮು ಸೇರಿ ಸಾವಿರ ಡಾಲರ್ ದಾಟುತ್ತದೆ. ದಯವಿಟ್ಟು ರೂಪಾಯಿಗೆ ಗುಣಿಸಬೇಡಿ. ಅರ್ಧ ವರ್ಷ ಒಂದು ಸೆಟ್, ಅರ್ಧ ವರ್ಷ ಇನ್ನೊಂದು, ಎರಡೂ ಜಾಸ್ತಿ ದಿನ ಬಾಳುತ್ತವೆ. ನವೆಂಬರ್ ಶುರುವಾಗುವ ಮೊದಲೇ ಅಂಗಡಿಯಲ್ಲಿ ದಿನ ಗೊತ್ತುಮಾಡಿ. ಮೊದಲ ಸ್ನೋ ಬಿದ್ದ ಮೇಲೆ ಇಡೀ ಊರು ಅಲ್ಲೇ ಕ್ಯೂ ನಿಂತಿರುತ್ತದೆ.

ಗಾಳಿ: ಉಷ್ಣತೆ 10 ಫ್ಯಾರನ್‌ಹೀಟ್ ಇಳಿದರೆ ಟೈರಿನಲ್ಲಿ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಬೆಳಿಗ್ಗೆ ಟೈರಿನಲ್ಲಿ ಗಾಳಿ ಕಡಿಮೆ ಅನ್ನುವ ಹಳದಿ ದೀಪ ಹತ್ತಿದರೆ ಗಾಬರಿ ಬೇಡ. ಬಂಕಿನಲ್ಲಿ ಗಾಳಿ ಹಿಡಿಯಲು ಹುಡುಗ ಬರುವುದಿಲ್ಲ, ನೀವೇ ಹಿಡಿಯಬೇಕು.

ಓಡಿಸುವಾಗ

ಸ್ಪೋರ್ಟ್ ಮೋಡ್ ಬೇಡ. ಸ್ನೋ ಮೋಡ್ ಇದ್ದರೆ ಅದು. ಕೈ ಗೇರಿನ ಕಾರಾದರೆ ಎರಡನೇ ಗೇರಿನಲ್ಲಿ ಹೊರಡಿ. ಟರ್ಬೊ ಒಮ್ಮೆಲೇ ಎಳೆಯುತ್ತದೆ, ತಿರುವಿನ ಮಧ್ಯೆ ಆಕ್ಸಿಲರೇಟರ್ ಕೆಣಕಬೇಡಿ.

ಬ್ರೇಕ್ ಜೋರಾಗಿ ಒತ್ತಿದಾಗ ಪೆಡಲ್ ಕಾಲಿನಡಿ ಗಡಗಡ ನಡುಗಿದರೆ ಅದು ಎಬಿಎಸ್, ಚಕ್ರ ಲಾಕ್ ಆಗದ ಹಾಗೆ ಬ್ರೇಕನ್ನು ತಾನೇ ಬಿಟ್ಟು ಹಿಡಿಯುವ ವ್ಯವಸ್ಥೆ. ಬಿಡಬೇಡಿ, ಒತ್ತಿಕೊಂಡೇ ಇರಿ. ಊರಲ್ಲಿ ಕಲಿತ ಹಾಗೆ ಬಿಟ್ಟು ಬಿಟ್ಟು ಒತ್ತಬೇಡಿ. ಕಾರು ಜಾರಿದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಎತ್ತ ಹೋಗಬೇಕೋ ಅತ್ತ ನೋಡುತ್ತಾ ಅತ್ತ ಸ್ಟೀರಿಂಗ್ ತಿರುಗಿಸಿ. ಕಂಬ ನೋಡಿದರೆ ಕೈ ಕಂಬಕ್ಕೇ ಹೋಗುತ್ತದೆ.

ಸೇತುವೆಗಳು ಮೊದಲು ಹೆಪ್ಪುಗಟ್ಟುತ್ತವೆ, ಕೆಳಗಿನಿಂದಲೂ ತಣ್ಣನೆ ಗಾಳಿ ಹಾಯುತ್ತದೆ. ಬ್ಲ್ಯಾಕ್ ಐಸ್, ಅಂದರೆ ರಸ್ತೆ ಮೇಲಿನ ತೆಳ್ಳನೆ ಐಸಿನ ಪದರ, ಬರೀ ಒದ್ದೆ ರಸ್ತೆ ಥರ ಕಾಣುತ್ತದೆ. ಒಂದು ಗುಟ್ಟು: ರಸ್ತೆ ಒದ್ದೆಯಾಗಿ ಕಾಣುತ್ತಿದೆ, ಆದರೆ ಮುಂದಿನ ಕಾರಿನ ಟೈರಿನಿಂದ ನೀರು ಎರಚುತ್ತಿಲ್ಲ ಅಂದರೆ ಅದು ನೀರಲ್ಲ, ಐಸು. ಮುಂದಿನ ಕಾರಿಗೂ ನಿಮಗೂ 8-10 ಸೆಕೆಂಡ್ ಅಂತರ ಇರಲಿ. ಮುಳಬಾಗಿಲು ರಸ್ತೆಯಲ್ಲಿ ಬಸ್ಸಿನ ಬೆನ್ನಿಗೆ ಅಂಟಿಕೊಂಡು ಹೋಗುತ್ತಿದ್ದ ಅಭ್ಯಾಸ ಅಲ್ಲಿ ಬೇಡ. ಸ್ನೋ ತೆಗೆಯುವ ಲಾರಿಯನ್ನು ಹಿಂದಿಕ್ಕಲೂ ಹೋಗಬೇಡಿ.

ಸ್ಪೋರ್ಟ್ಸ್ ಕಾರಿನ ಹೊಟ್ಟೆ ನೆಲದಿಂದ ಐದು ಇಂಚು, ಹೆಚ್ಚು ಕಡಿಮೆ. ರಾತ್ರಿ ಸ್ನೋ ಲಾರಿ ಹೋದ ಮೇಲೆ ನಿಮ್ಮ ಡ್ರೈವ್‌ವೇ ಬಾಯಿಗೆ ಒಂದು ಒಡ್ಡು ಕಟ್ಟಿ ಹೋಗಿರುತ್ತದೆ, ಮೇಲೆ ಮೆತ್ತಗೆ, ಒಳಗೆ ಕಲ್ಲು. ನುಗ್ಗಿಸಿದರೆ ಮುಂದಿನ ಬಂಪರ್ ಪಟ್ ಅಂತ ಒಡೆಯುತ್ತದೆ, ಕಾರು ಹೊಟ್ಟೆ ಮೇಲೆ ಕೂರುತ್ತದೆ. ಆಗ ನಾಲ್ಕು ಚಕ್ರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮೊದಲು ಸಲಿಕೆ, ಆಮೇಲೆ ಕಾರು. ಸಿಕ್ಕಿಕೊಂಡರೆ ಟ್ರಾಕ್ಷನ್ ಕಂಟ್ರೋಲ್ (ಚಕ್ರ ಸುಮ್ಮನೆ ತಿರುಗದ ಹಾಗೆ ತಡೆಯುವುದು) ಆಫ್ ಮಾಡಿ ಮೆಲ್ಲಗೆ ಹಿಂದೆ ಮುಂದೆ ಆಡಿಸಿ.

ನಮ್ಮವರು ಮಾಡುವ ಕೆಲವು ಕೆಲಸ

ಗಾಜಿನ ಮೇಲಿನ ಐಸಿಗೆ ಬಿಸಿನೀರು ಸುರಿಯುವುದು. ಗಾಜು ಸೀಳುತ್ತದೆ.
ವೈಪರ್ ಡಬ್ಬಕ್ಕೆ ನಲ್ಲಿ ನೀರು. ಚಳಿಗಾಲದ ವಾಷರ್ ದ್ರವವೇ ಹಾಕಿ.
ಗಾಜಿನಲ್ಲಿ ಒಂದು ಕಿಂಡಿ ಕೆರೆದು ಹೊರಡುವುದು. ಛಾವಣಿ, ದೀಪ ಎಲ್ಲ ಕೊಡವಿ.
ವೈಪರ್ ಹಾಕಿ ಹೆಡ್‌ಲೈಟ್ ಹಾಕದಿರುವುದು. ನ್ಯೂಯಾರ್ಕ್ ರಾಜ್ಯದಲ್ಲಿ ವೈಪರ್ ಹಾಕಿದರೆ ಹೆಡ್‌ಲೈಟೂ ಕಡ್ಡಾಯ.
ಉಪ್ಪು ತೊಳೆಸದಿರುವುದು. ಕಾರಿನ ಅಡಿಭಾಗಕ್ಕೂ ನೀರು ಹೊಡೆಸಿ, ಇಲ್ಲವಾದರೆ ತುಕ್ಕು.
ಇನ್ಶೂರೆನ್ಸ್ ವಿಚಾರಿಸದೆ ಕಾರು ಬುಕ್ ಮಾಡುವುದು.

ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ

ಬ್ರಶ್, ಸಣ್ಣ ಸಲಿಕೆ, ಕಂಬಳಿ, ಕೈಗವಸು, ಟಾರ್ಚು, ಜಂಪರ್ ಕೇಬಲ್, ಮರಳು ಒಂದು ಚೀಲ, ನೀರು, ತಿನ್ನಲು ಏನಾದರೂ. ಪೆಟ್ರೋಲು ಅರ್ಧ ಟ್ಯಾಂಕಿಗಿಂತ ಕೆಳಗೆ ಬೇಡ.

ಹೊರಡಲೇಬೇಡಿ ಅಂದಾಗ

2022ರ ಡಿಸೆಂಬರ್‌ನ ಹಿಮಗಾಳಿಯಲ್ಲಿ ಬಫಲೋ ಸುತ್ತಮುತ್ತ 40ಕ್ಕೂ ಹೆಚ್ಚು ಜನ ಸತ್ತರು, ಕೆಲವರು ತಮ್ಮ ಕಾರಿನಲ್ಲೇ. ಆಗ ವಾಹನ ಓಡಿಸುವುದನ್ನೇ ನಿಷೇಧಿಸಿದ್ದರು. ಆ ಥರದ ಆದೇಶ ಬಂದರೆ ಅದು ಎಲ್ಲ ಕಾರಿಗೂ, ನಿಮ್ಮದಕ್ಕೂ. ಎದುರು ಏನೂ ಕಾಣದಿದ್ದರೆ ನಾಲ್ಕು ಚಕ್ರ ಏನು ಮಾಡುತ್ತದೆ? ದಾರಿಯಲ್ಲಿ ಸಿಕ್ಕಿಬಿದ್ದರೆ ಕಾರು ಬಿಟ್ಟು ನಡೆಯಬೇಡಿ. ಇಂಜಿನ್ ಆನ್ ಮಾಡುವ ಮೊದಲು ಹೊಗೆ ಕೊಳವೆಯ ಸುತ್ತಲ ಸ್ನೋ ತೆಗೆಯಿರಿ, ಅದು ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ. ಅದಕ್ಕೆ ವಾಸನೆಯೇ ಇಲ್ಲ. ಮುಚ್ಚಿದ ಗ್ಯಾರೇಜಿನಲ್ಲಿ ಕಾರು ಬಿಸಿ ಮಾಡುವುದೂ ಬೇಡ.

ಸಂಕ್ರಾಂತಿ ಜನವರಿಯಲ್ಲೇ ಬರುತ್ತದೆ, ಸ್ನೋನೂ ಆಗಲೇ. ಬಫಲೋದ ನಮ್ಮವರ ಸಂಘದಿಂದ ನಾವು ಹಬ್ಬದ ಕಾರ್ಯಕ್ರಮ ಮುಂದೂಡಿದ್ದೇವೆ ಅಂತ ಮೆಸೇಜ್ ಹಾಕಿದರೂ ಅವರೆಕಾಳು ಉಪ್ಪಿಟ್ಟಿನ ಡಬ್ಬಿ ಹಿಡಿದು ಬಂದು, ಬೀಗ ಹಾಕಿದ ಹಾಲ್ ಮುಂದೆ ನಿಂತು ಫೋನ್ ಮಾಡುವವರಿದ್ದಾರೆ. ಎಳ್ಳು ಬೆಲ್ಲ ಮುಂದಿನ ವಾರವೂ ಹಂಚಬಹುದು.

ಮೊದಲ ಸ್ನೋ ಬಿದ್ದ ಭಾನುವಾರ, ಅನುಮತಿ ಪಡೆದ ಒಂದು ಖಾಲಿ ಪಾರ್ಕಿಂಗ್ ಜಾಗದಲ್ಲಿ ಸಂಘದವರು ಹೊಸಬರಿಗೆ ಬ್ರೇಕ್ ಹಾಕುವುದು, ಜಾರಿದಾಗ ತಿರುಗಿಸುವುದು ಅಭ್ಯಾಸ ಮಾಡಿಸುತ್ತೇವೆ. ಗಂಡ ಹೆಂಡತಿ ಇಬ್ಬರೂ ಬನ್ನಿ, ಓಡಿಸುವವರು ಒಬ್ಬರೇ ಆದರೂ. ಬಿಸಿ ಕಾಫಿ, ನಿಪ್ಪಟ್ಟು ಇರುತ್ತದೆ. ಸಮ್ಮರ್ ಟೈರಿನಲ್ಲಿ ಬಂದವರಿಗೆ ಕಾಫಿ ಮಾತ್ರ, ಸ್ಟೀರಿಂಗ್ ಇಲ್ಲ. ಕಾರು ಅಲ್ಲೇ ಬಿಟ್ಟು ನಮ್ಮ ಜೊತೆ ಮನೆಗೆ ಬರಬೇಕಾಗುತ್ತದೆ.